ಸುಣ್ಣದ ಕೆಳಗಿದ್ದ ಮೆರವಣಿಗೆ

ಈ ಸಲ ಸ್ವಲ್ಪ ದೂರದ ಊರಿನ ಕಥೆ ಹೇಳುತ್ತೇವೆ. ಊರಿನ ಹೆಸರು ಹ್ರಾಸ್ತೋವ್ಲ್ಯೆ. ಒಂದೇ ಸಲಕ್ಕೆ ನಾಲಿಗೆ ತಿರುಗುವುದಿಲ್ಲ, ನಮಗೂ ಎರಡು ದಿನ ಬೇಕಾಯಿತು. ಯುರೋಪಿನ ಸ್ಲೊವೇನಿಯಾ ಎಂಬ ಪುಟ್ಟ ದೇಶದಲ್ಲಿದೆ. ಇಡೀ ದೇಶದ ಜನಸಂಖ್ಯೆ ಸುಮಾರು 21 ಲಕ್ಷ, ಅಂದರೆ ನಮ್ಮ ತುಮಕೂರು ಜಿಲ್ಲೆಗಿಂತ ಕಡಿಮೆ.

ಅಲ್ಲಿಗೆ ನಾವು ಹೇಗೆ ಹೋದೆವು ಅಂತ ನೀವು ಕೇಳಬಹುದು. ಈ ಬರಹ ಬರೆಯುತ್ತಿರುವ ನಾವಿಬ್ಬರೂ ಒಂದೇ ಊರಿನವರು, ಒಂದೇ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿದವರು. ನಮ್ಮಲ್ಲೊಬ್ಬರ ಅಕ್ಕ, ಭಾವ ಇಟಲಿಯ ಟ್ರಿಯೆಸ್ಟೆ ಎಂಬ ಬಂದರು ಪಟ್ಟಣದಲ್ಲಿದ್ದಾರೆ. ಅಕ್ಕನಿಗೆ ಹೆರಿಗೆಯಾದಾಗ ಅಮ್ಮನ ಜೊತೆ ನಾವೂ ಹೊರಟೆವು. ಟ್ರಿಯೆಸ್ಟೆಯಿಂದ ಸ್ಲೊವೇನಿಯಾದ ಗಡಿ ಕೂಗಳತೆಯಲ್ಲಿದೆ. ಗಡಿ ದಾಟಿ ಸ್ವಲ್ಪ ದೂರ ಹೋದರೆ ಈ ಹಳ್ಳಿ. ಅಲ್ಲೊಂದು ಹಳೇ ಚರ್ಚಿದೆ, ಒಳಗೆ ಗೋಡೆ ತುಂಬಾ ಚಿತ್ರ ಇದೆ, ನೋಡಿ ಬರೋಣ ಅಂದರು ಭಾವ.

ನಿಜ ಹೇಳಬೇಕೆಂದರೆ ನಮಗೆ ಅಷ್ಟೇನೂ ಉತ್ಸಾಹ ಇರಲಿಲ್ಲ. ಚರ್ಚಿನ ಚಿತ್ರಗಳನ್ನು ಓದುವಾಗಲೇ ನೋಡಿದ್ದೆವು. ಮಂಗಳೂರಿಗೆ ಪ್ರವಾಸ ಹೋದಾಗ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಒಳಗೆ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತಾ ನಿಂತಿದ್ದೆವು. ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ ಎಂಬ ಧರ್ಮಸಹೋದರರು 1899ರಿಂದ 1901ರವರೆಗೆ ಕೂತು ಬರೆದ ಚಿತ್ರಗಳು ಅವು. ಅದಕ್ಕಿಂತ ದೊಡ್ಡದು ಇನ್ನೇನಿರುತ್ತದೆ ಅಂದುಕೊಂಡೇ ಕಾರು ಹತ್ತಿದೆವು.

ಇದು ದೊಡ್ಡದಲ್ಲ. ಬಹಳ ಚಿಕ್ಕದು. ಆದರೆ ಅಲ್ಲಿಂದ ಬರುವಾಗ ನಮಗೆ ನಮ್ಮೂರ ಗುಡಿಯಲ್ಲಿ ನಾವೇ ಮಾಡಿದ ಒಂದು ತಪ್ಪು ನೆನಪಾಗಿ ದಾರಿಯುದ್ದಕ್ಕೂ ಮಾತು ಹೊರಡಲಿಲ್ಲ. ಅದನ್ನೂ ಹೇಳುತ್ತೇವೆ. ಮೊದಲು ಚರ್ಚು ನೋಡೋಣ.

ಕೋಟೆಯೊಳಗೊಂದು ಗುಡಿ

ಊರು ಇರುವುದು ಬೆಟ್ಟದ ಬುಡದಲ್ಲಿ. ಬೆಟ್ಟ ಅಂದರೆ ಪೂರ್ತಿ ಸುಣ್ಣದ ಕಲ್ಲಿನದು, ಬಿಳಿ ಬಂಡೆಯ ಗೋಡೆ ಎದ್ದು ನಿಂತ ಹಾಗೆ ಕಾಣುತ್ತದೆ. ಇಂಥ ಸುಣ್ಣಕಲ್ಲಿನ ನೆಲಕ್ಕೆ ಭೂಗೋಳದ ಪುಸ್ತಕದಲ್ಲಿ ಕಾರ್ಸ್ಟ್ ಅನ್ನುತ್ತಾರಲ್ಲ, ಆ ಪದ ಹುಟ್ಟಿದ್ದೇ ಈ ಸೀಮೆಯ ಹೆಸರಿನಿಂದ. ಕೆಳಗೆ ಕಣಿವೆ, ದ್ರಾಕ್ಷಿ ತೋಟ, ಆಲಿವ್ ಮರ, ಒಂದು ರೈಲು ಹಳಿ. ಮನೆಗಳೆಲ್ಲ ಕಲ್ಲಿನವು.

ಊರ ಪಕ್ಕದ ದಿಣ್ಣೆಯ ಮೇಲೆ ಮೊದಲು ಕಾಣುವುದು ಎತ್ತರದ ಕಲ್ಲಿನ ಗೋಡೆ, ಮೂಲೆಯಲ್ಲಿ ದುಂಡನೆಯ ಬುರುಜು. ಇದೇನು ಚರ್ಚೋ ಕೋಟೆಯೋ ಅಂದೆವು. ಎರಡೂ ಹೌದು. 16ನೇ ಶತಮಾನದಲ್ಲಿ ಈ ಕಡೆ ತುರ್ಕಿ ದಂಡಿನ ದಾಳಿಯ ಭಯ ಇತ್ತು. ಆಗ ಚರ್ಚಿನ ಸುತ್ತ ಈ ಗೋಡೆ ಎಬ್ಬಿಸಿದರು. ದಂಡು ಬಂತು ಅಂದರೆ ಊರವರು ಒಳಗೆ ಸೇರಿಕೊಳ್ಳುತ್ತಿದ್ದರು. ನಮ್ಮ ಕಡೆ ಪಾಳೆಗಾರರ ಕಾಲದಲ್ಲಿ ಊರಿಗೊಂದು ಮಣ್ಣಿನ ಕೋಟೆ ಇತ್ತಲ್ಲ, ಅದೇ ಲೆಕ್ಕ.

ಗೋಡೆಯೊಳಗೆ ಕಾಲಿಟ್ಟರೆ ಪವಿತ್ರ ತ್ರಿತ್ವದ ಚರ್ಚು. ಎಷ್ಟು ಚಿಕ್ಕದೆಂದರೆ, ನಮ್ಮೂರ ಶಾಲೆಯ ಎರಡು ಕೊಠಡಿ ಸೇರಿಸಿದಷ್ಟು. ಬೂದು ಕಲ್ಲಿನ ಗೋಡೆ. ಮೇಲೆ ಹೆಂಚಿಲ್ಲ, ತೆಳು ಚಪ್ಪಡಿ ಕಲ್ಲುಗಳನ್ನೇ ಒಂದರ ಮೇಲೊಂದು ಹೊದಿಸಿದ್ದಾರೆ. ಮುಂಬಾಗಿಲ ಮೇಲೆಯೇ ಗಂಟೆಗೋಪುರ. ಹೊರಗಿನಿಂದ ನೋಡಿದರೆ ಒಂದು ಅಲಂಕಾರವಿಲ್ಲ, ಒಂದು ಶಿಲ್ಪವಿಲ್ಲ. ಕಟ್ಟಿದವರು ಊರಿನ ಕಲ್ಲನ್ನೇ ತಂದು, ಊರಿಗೆ ಬೇಕಾದಷ್ಟೇ ಕಟ್ಟಿದ ಹಾಗಿದೆ. ಕಿಟಕಿಗಳು ಸಣ್ಣವು.

ಬಾಗಿಲಿಗೆ ಬೀಗ ಇತ್ತು. ಬೀಗದ ಕೈ ಒಬ್ಬ ಅಜ್ಜಿಯ ಹತ್ತಿರ. ಭಾವ ಫೋನು ಮಾಡಿದರು, ಅಜ್ಜಿ ಕೈ ಒರೆಸಿಕೊಳ್ಳುತ್ತಾ ಬಂದರು, ಅಡುಗೆ ಮಾಡುತ್ತಿದ್ದರೇನೋ. ಗಡಿ ಸೀಮೆಯಾದ್ದರಿಂದ ಅವರಿಗೆ ಇಟಾಲಿಯನ್ ಬರುತ್ತದೆ. ಅವರು ಹೇಳಿದ್ದನ್ನು ಭಾವ ನಮಗೆ ಕನ್ನಡದಲ್ಲಿ ಹೇಳುತ್ತಾ ಹೋದರು.

ತಲೆ ಮೇಲೆ ಹನ್ನೆರಡು ತಿಂಗಳು

ಒಳಗೆ ಹೋದ ಕೂಡಲೇ ಕತ್ತಲು. ಅಜ್ಜಿ ದೀಪ ಹಾಕಿದರು. ಆಗ ನಾವು ಕಂಡದ್ದನ್ನು ಹೇಗೆ ಹೇಳುವುದು? ಒಂದು ಗೇಣು ಜಾಗ ಖಾಲಿ ಬಿಟ್ಟಿಲ್ಲ. ಗೋಡೆ, ಕಮಾನು, ಚಾವಣಿ ಎಲ್ಲಾ ಕಡೆ ಚಿತ್ರ. ಕೆಮ್ಮಣ್ಣಿನ ಕೆಂಪು, ಹಳದಿ ಮಣ್ಣಿನ ಬಣ್ಣ, ಮಾಸಿದ ಹಸಿರು.

ಚರ್ಚಿನೊಳಗೆ ಎರಡು ಸಾಲು ಕಂಬ. ಹಾಗಾಗಿ ಮೂರು ಅಂಕಣ ಆಗುತ್ತದೆ. ಒಂದೊಂದರ ಮೇಲೂ ಬಂಡಿಯ ಕಮಾನಿನಂತೆ ಬಾಗಿದ ಚಾವಣಿ. ಪೂರ್ವದ ತುದಿಯಲ್ಲಿ ಮೂರು ಅರ್ಧ ದುಂಡಗಿನ ಗೂಡು, ಅಲ್ಲೇ ಪೂಜೆ ನಡೆಯುವ ಜಾಗ.

ನಡು ಅಂಕಣದ ಚಾವಣಿಯಲ್ಲಿ ಪ್ರಪಂಚ ಹುಟ್ಟಿದ ಕಥೆ. ದೇವರು ದಿನಕ್ಕೊಂದು ಸೃಷ್ಟಿ ಮಾಡುತ್ತಾ ಹೋಗುತ್ತಾನೆ. ಆಮೇಲೆ ಆದಾಮ, ಹವ್ವ. ತೋಟದಿಂದ ಹೊರಗೆ ಹಾಕಿಸಿಕೊಂಡ ಮೇಲೆ ಇಬ್ಬರೂ ದುಡಿಮೆಗೆ ಬೀಳುತ್ತಾರೆ. ಆಮೇಲೆ ಅಣ್ಣ ತಮ್ಮನನ್ನು ಕೊಲ್ಲುವ ಕಾಯಿನ, ಹೇಬೆಲರ ಕಥೆ. ಉತ್ತರದ ಗೋಡೆಯಲ್ಲಿ ಕೂಸು ಯೇಸುವನ್ನು ನೋಡಲು ಕಾಣಿಕೆ ಹೊತ್ತು ಬರುವ ಮೂವರು ಅರಸರ ಪಯಣ. ದಕ್ಷಿಣದ ಗೋಡೆಯ ಮೇಲ್ಭಾಗದಲ್ಲಿ ಯೇಸುವಿನ ಕೊನೆಯ ದಿನಗಳು.

ಅಕ್ಷರ ಬಾರದ ಜನರಿಗೆ ಇದೇ ಪುಸ್ತಕ. ಪಾದ್ರಿಗಳು ಪೂಜೆಯಲ್ಲಿ ಓದುತ್ತಿದ್ದದ್ದು ಅರ್ಥವಾಗದಿದ್ದರೂ ತಲೆ ಎತ್ತಿದರೆ ಕಥೆ ಕಾಣುತ್ತದೆ. ನಮ್ಮ ಗುಡಿಗಳ ಹೊರಗೋಡೆಯಲ್ಲಿ ರಾಮಾಯಣದ ಪಟ್ಟಿಕೆ ಕೆತ್ತುತ್ತಿದ್ದದ್ದೂ ಇದೇ ಕಾರಣಕ್ಕಲ್ಲವೇ?

ನಮ್ಮ ಅಮ್ಮನಿಗೆ ಮಾತ್ರ ಈ ಕಥೆಗಳಿಗಿಂತ ಪಕ್ಕದ ಅಂಕಣಗಳ ಚಾವಣಿಯೇ ಇಷ್ಟವಾಯಿತು. ಅಲ್ಲಿರುವುದು ವರ್ಷದ ಹನ್ನೆರಡು ತಿಂಗಳು. ಯಾವ ತಿಂಗಳಲ್ಲಿ ರೈತ ಏನು ಮಾಡುತ್ತಾನೆ ಅನ್ನುವ ಚಿತ್ರ. ಚಳಿಗಾಲದಲ್ಲಿ ಬೆಂಕಿ ಕಾಯಿಸುವುದು, ದ್ರಾಕ್ಷಿ ಬಳ್ಳಿ ಸವರುವುದು, ಬೇಸಿಗೆಯಲ್ಲಿ ಕೊಯ್ಲು. ದೇವರ ಕಥೆಯ ಪಕ್ಕದಲ್ಲೇ ಅಷ್ಟೇ ಮರ್ಯಾದೆಯಿಂದ ಉಳುಮೆಯವನ ಕಥೆ. ಅಮ್ಮ ಕುಡುಗೋಲು ಹಿಡಿದವನನ್ನು ತೋರಿಸಿ, "ನೋಡ್ರೋ, ಹಿಡಿಯೋ ರೀತಿ ನಮ್ಮ ಥರಾನೇ," ಅಂದರು. ಅಜ್ಜಿಗೆ ಕನ್ನಡ ಬರದಿದ್ದರೂ ಅಮ್ಮನ ಕೈ ಆಡಿದ್ದು ನೋಡಿ ನಕ್ಕರು. ಆಮೇಲೆ ಇಬ್ಬರೂ ಭಾಷೆಯ ಹಂಗಿಲ್ಲದೆ ಕೈಸನ್ನೆಯಲ್ಲೇ ಕೊಯ್ಲಿನ ಬಗ್ಗೆ ಮಾತಾಡಿಕೊಂಡರು.

ಹನ್ನೊಂದು ಜನ, ಹನ್ನೊಂದು ಎಲುಬಿನ ಗೂಡು

ಈ ಚರ್ಚು ಹೆಸರುವಾಸಿಯಾಗಿರುವುದು ದಕ್ಷಿಣ ಗೋಡೆಯ ಕೆಳಭಾಗದ ಒಂದು ಉದ್ದನೆಯ ಚಿತ್ರದಿಂದ. ಅದಕ್ಕೆ ಸಾವಿನ ನೃತ್ಯ ಎಂದು ಹೆಸರು.

ಒಂದು ಮೆರವಣಿಗೆ. ಒಬ್ಬ ಮನುಷ್ಯ, ಪಕ್ಕದಲ್ಲಿ ಅವನ ಕೈ ಹಿಡಿದ ಒಂದು ಎಲುಬಿನ ಗೂಡು. ಮತ್ತೊಬ್ಬ ಮನುಷ್ಯ, ಮತ್ತೊಂದು ಎಲುಬಿನ ಗೂಡು. ಹೀಗೆ ಹನ್ನೊಂದು ಜೋಡಿ. ಯಾರು ಯಾರು ಇದ್ದಾರೆ ಗೊತ್ತೇ? ಪೋಪ್ ಇದ್ದಾರೆ. ರಾಜ, ರಾಣಿ ಇದ್ದಾರೆ. ಕಾರ್ಡಿನಲ್, ಬಿಷಪ್, ಬಡ ಸನ್ಯಾಸಿ, ಪೇಟೆಯ ಗೃಹಸ್ಥ, ಸಾಹುಕಾರ, ಹರೆಯದ ಹುಡುಗ ಇದ್ದಾರೆ. ಊರುಗೋಲು ಹಿಡಿದ ಕುಂಟ ಭಿಕ್ಷುಕ ಇದ್ದಾನೆ. ತೊಟ್ಟಿಲ ಮಗುವೂ ಇದೆ. ಎಲ್ಲರೂ ಹೋಗುತ್ತಿರುವುದು ಒಂದೇ ಕಡೆಗೆ. ಅಲ್ಲಿ ತೆರೆದ ಗುಂಡಿಯ ಬಳಿ ಸಾವು ಪೀಠದ ಮೇಲೆ ಕೂತಿದೆ. ಮುಂದೆ ಗುದ್ದಲಿ, ಸಲಿಕೆ ಬಿದ್ದಿವೆ.

ಸಾಹುಕಾರ ಮಾತ್ರ ದುಡ್ಡಿನ ಚೀಲಕ್ಕೆ ಕೈ ಹಾಕಿದ್ದಾನೆ. ಸಾವಿಗೇ ಲಂಚ ಕೊಡಲು ನೋಡುತ್ತಿದ್ದಾನೆ! ನಮಗೆ ನಗು ತಡೆಯಲಾಗಲಿಲ್ಲ. ತಾಲ್ಲೂಕು ಕಚೇರಿಯ ಸುದ್ದಿ ಮಾಡಿ ಮಾಡಿ ಆ ಕೈಯ ಭಂಗಿ ನಮಗೆ ಚೆನ್ನಾಗಿ ಗೊತ್ತು.

ನಮ್ಮ ಯಮನಿಗೆ ಕೋಣ ಇದೆ, ಪಾಶ ಇದೆ, ಲೆಕ್ಕ ಬರೆಯಲು ಚಿತ್ರಗುಪ್ತ ಇದ್ದಾನೆ. ಈ ಮೆರವಣಿಗೆಯಲ್ಲಿ ಲೆಕ್ಕ ನೋಡುವವರು ಯಾರೂ ಇಲ್ಲ. ಎಲುಬಿನ ಗೂಡುಗಳಿಗೆ ಸಿಟ್ಟೂ ಇಲ್ಲ. ಮದುವೆ ಮನೆಯಲ್ಲಿ ನೆಂಟರನ್ನು ಊಟಕ್ಕೆ ಕರೆದುಕೊಂಡು ಹೋಗುವ ಹಾಗೆ ಕೈ ಹಿಡಿದು ನಡೆಸುತ್ತಿವೆ.

ಈ ಥರದ ಚಿತ್ರಗಳು ಯುರೋಪಿನಲ್ಲಿ ಹುಟ್ಟಿಕೊಂಡದ್ದು ಪ್ಲೇಗ್ ಬಂದುಹೋದ ಮೇಲಿನ ಕಾಲದಲ್ಲಿ. 1347ರಿಂದ 1351ರವರೆಗೆ ಬಂದ ಮಹಾಮಾರಿ ಊರಿಗೆ ಊರನ್ನೇ ಖಾಲಿ ಮಾಡಿತ್ತು. ಆಮೇಲೂ ಮತ್ತೆ ಮತ್ತೆ ಬರುತ್ತಲೇ ಇತ್ತು. ಹೀಗಾಗಿ ಪೋಪ್‌ನ ಕೈಯನ್ನೂ ಭಿಕ್ಷುಕನ ಕೈಯನ್ನೂ ಸಾವು ಒಂದೇ ರೀತಿ ಹಿಡಿಯುತ್ತದೆ ಎಂದು ಗೋಡೆಯ ಮೇಲೆ ಬರೆದರೆ ಜನಕ್ಕೆ ವಿವರಿಸಿ ಹೇಳಬೇಕಾಗಿರಲಿಲ್ಲ.

ನಾವು 2021ರ ಮೇ ತಿಂಗಳನ್ನು ನೋಡಿದವರು. ಆ ಮೆರವಣಿಗೆಯ ಮುಂದೆ ನಿಂತಾಗ ನಮ್ಮ ಬೀದಿಯಲ್ಲಿ ಹದಿನೈದು ದಿನದೊಳಗೆ ಹೋದವರ ಮುಖಗಳು ಒಂದೊಂದಾಗಿ ಬಂದವು. ಚಿತ್ರದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಹೋಗುತ್ತಾರೆ. ನಮ್ಮ ಬೀದಿಯಲ್ಲಿ ಕೆಲವರಿಗೆ ಹಾಸಿಗೆ ಸಿಕ್ಕಿತು, ಕೆಲವರು ಆಂಬ್ಯುಲೆನ್ಸ್‌ಗೆ ಕಾದು ಜಗುಲಿಯ ಮೇಲೆಯೇ ಹೋದರು. ಚಿತ್ರ ಬರೆದವನು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ ಅಂತ ನಮಗನ್ನಿಸಿತು. ಅಮ್ಮ ಮಗುವಿನ ಚಿತ್ರದ ಕಡೆ ನೋಡಲಿಲ್ಲ. ಅಕ್ಕನ ಕೂಸಿಗೆ ಆಗ ಎರಡು ತಿಂಗಳು.

ಬರೆದವನು, ಗೀಚಿದವರು

ಚಿತ್ರ ಬರೆದವನು ತನ್ನ ಹೆಸರು ಬಿಟ್ಟು ಹೋಗಿದ್ದಾನೆ. ಕಾಸ್ತಾವ್ ಊರಿನ ಯೋಹಾನ್ನೆಸ್, ಇಸವಿ 1490. ಕಾಸ್ತಾವ್ ಈಗ ಪಕ್ಕದ ಕ್ರೊವೇಷಿಯಾದಲ್ಲಿದೆ. ಅದೇ ಊರಿನ ವಿನ್ಸೆಂಟ್ ಎಂಬ ಇನ್ನೊಬ್ಬ ಚಿತ್ರಗಾರ 1474ರಲ್ಲಿ ಬೆರಾಮ್ ಎಂಬ ಹಳ್ಳಿಯ ಚರ್ಚಿನಲ್ಲೂ ಸಾವಿನ ನೃತ್ಯ ಬರೆದಿದ್ದಾನೆ. ಅಂದರೆ ಇವರು ಅರಮನೆಯ ಚಿತ್ರಗಾರರಲ್ಲ. ಈ ಸೀಮೆಯಲ್ಲೇ ಇದ್ದು ಹಳ್ಳಿ ಚರ್ಚುಗಳಿಗೆ ಬರೆದುಕೊಟ್ಟವರು.

ಬರೆಯುವ ವಿಧಾನ ನಮ್ಮ ಹಳೇ ಗಾರೆಯವರಿಗೆ ಹೇಳಿದರೆ ಕೂಡಲೇ ಗೊತ್ತಾಗುತ್ತದೆ. ಸುಣ್ಣದ ಕಲ್ಲು ಸುಟ್ಟು, ನೀರಲ್ಲಿ ಅರಳಿಸಿ, ಮರಳು ಬೆರೆಸಿ ಗಾರೆ ಮಾಡುತ್ತಾರೆ. ಒಂದು ದಿನದಲ್ಲಿ ಎಷ್ಟು ಬರೆದು ಮುಗಿಸಬಹುದೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತುತ್ತಾರೆ. ಅದು ಹಸಿ ಇರುವಾಗಲೇ ನೀರಲ್ಲಿ ಕಲಸಿದ ಮಣ್ಣಿನ ಬಣ್ಣದಲ್ಲಿ ಬರೆಯುತ್ತಾರೆ. ಒಣಗುವಾಗ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೆ ಸೇರಿ ಹೋಗುತ್ತದೆ. ಅಂಟು ಬೇಡ, ಎಣ್ಣೆ ಬೇಡ. ಇದಕ್ಕೇ ಫ್ರೆಸ್ಕೊ ಅನ್ನುವುದು, ಇಟಾಲಿಯನ್‌ನಲ್ಲಿ ಹಾಗೆಂದರೆ ತಾಜಾ, ಹಸಿ ಎಂದರ್ಥ. ತಪ್ಪಾದರೆ ಒರೆಸಲು ಆಗುವುದಿಲ್ಲ, ಗಾರೆಯನ್ನೇ ಕಿತ್ತು ಮತ್ತೆ ಮೆತ್ತಬೇಕು.

ಅಜ್ಜಿ ನಮ್ಮನ್ನು ಗೋಡೆಯ ಹತ್ತಿರ ಕರೆದು ಸಣ್ಣ ಗೀರುಗಳನ್ನು ತೋರಿಸಿದರು. ಚಿತ್ರದ ಮೇಲೆಯೇ ಮೊಳೆಯಲ್ಲಿ ಕೊರೆದ ಹಾಗೆ ಅಕ್ಷರ. ಗ್ಲಾಗೋಲಿತಿಕ್ ಎಂಬ ಲಿಪಿ, ಸ್ಲಾವ್ ಜನರ ಭಾಷೆಗಾಗಿ 9ನೇ ಶತಮಾನದಲ್ಲಿ ಮಾಡಿದ್ದು. ಎಲ್ಲೆಡೆ ಲ್ಯಾಟಿನ್ ನಡೆಯುತ್ತಿದ್ದಾಗ ಈ ಸೀಮೆಯ ಹಳ್ಳಿ ಪಾದ್ರಿಗಳು ತಮ್ಮ ಭಾಷೆ, ತಮ್ಮ ಲಿಪಿ ಬಿಟ್ಟುಕೊಡಲಿಲ್ಲ. ಸ್ಮಾರಕದ ಮೇಲೆ ಹೆಸರು ಗೀಚುವುದು ತಪ್ಪು ಅಂತ ನಾವು ಎಷ್ಟು ಸಲ ಬರೆದಿಲ್ಲ! ಇಲ್ಲಿ ಮಾತ್ರ ಆ ಗೀರುಗಳೇ ಈಗ ಓದಬೇಕಾದ ದಾಖಲೆ.

ಸುಣ್ಣ ಕೆರೆದ ಹುಡುಗ

ಇಷ್ಟು ಹೊತ್ತಿಗೆ ನಮ್ಮಲ್ಲೊಬ್ಬರು ಕೇಳಿದೆವು: "ಐನೂರು ವರ್ಷ ಆದರೂ ಇಷ್ಟು ಚೆನ್ನಾಗಿ ಹೇಗೆ ಉಳಿಯಿತು?"

ಭಾವ ಕೇಳಿ ಹೇಳಿದರು: "ಇವು ಕಾಣ್ತಾನೇ ಇರಲಿಲ್ವಂತೆ. ಮೇಲೆ ಪದರ ಪದರ ಸುಣ್ಣ, ಗಾರೆ ಹೊಡೆದುಬಿಟ್ಟಿದ್ದರಂತೆ."

ಅಜ್ಜಿಯ ಹಿಂದಿನ ತಲೆಮಾರಿನವರು ಇಲ್ಲಿ ಪ್ರಾರ್ಥನೆ ಮಾಡುತ್ತಿದ್ದಾಗ ಇದು ಬರೀ ಬಿಳಿ ಗೋಡೆ. ಪಕ್ಕದಲ್ಲೇ ರಾಜ, ರಾಣಿ, ಭಿಕ್ಷುಕ ಎಲ್ಲ ಕೈ ಹಿಡಿದು ನಿಂತಿರುವುದು ಅವರಿಗೆ ಗೊತ್ತೇ ಇರಲಿಲ್ಲ. 1949ರಲ್ಲಿ ಯೋಝೆ ಪೋಹ್ಲೆನ್ ಎಂಬಾತ ಆ ಸುಣ್ಣದ ಕೆಳಗಿನ ಚಿತ್ರಗಳನ್ನು ಪತ್ತೆ ಹಚ್ಚಿದರು. ಮುಂದೆ ಹೆಸರಾಂತ ಶಿಲ್ಪಿಯಾದ ಅವರು ಹೊರಗಿನಿಂದ ಬಂದ ಪಂಡಿತರಲ್ಲ. ಇದೇ ಹ್ರಾಸ್ತೋವ್ಲ್ಯೆಯ ಮಗ. ಆಗಿನ್ನೂ ಇಪ್ಪತ್ತು ದಾಟಿದ ಹುಡುಗ.

ಚರ್ಚಿನ ಹೊರಗೆ ಅವರೇ ಮಾಡಿದ ಒಂದು ಹೆಂಗಸಿನ ಪ್ರತಿಮೆ ಇದೆ. ಹಿಂದೆ ಈ ಸೀಮೆಯ ಹೆಂಗಸರು ಹಳ್ಳಿ ಹಳ್ಳಿ ತಿರುಗಿ ಮೊಟ್ಟೆ ಕೂಡಿಸಿ, ಟ್ರಿಯೆಸ್ಟೆ ಪೇಟೆಗೆ ಹೊತ್ತುಕೊಂಡು ಹೋಗಿ ಮಾರುತ್ತಿದ್ದರಂತೆ. ಶಾವ್ರಿಂಕಾ ಎಂದು ಅವರಿಗೆ ಹೆಸರು. ಊರಿನ ದೊಡ್ಡವರ ಪ್ರತಿಮೆ ಬಿಟ್ಟು ಮೊಟ್ಟೆ ಮಾರುವವಳ ಪ್ರತಿಮೆ ಮಾಡಿ ನಿಲ್ಲಿಸಿದ್ದಾರೆ. ಅದರ ಮುಂದೆ ಅಮ್ಮ ಫೋಟೊ ತೆಗೆಸಿಕೊಂಡರು.

ನಾವಿಬ್ಬರೂ ಮಾತ್ರ ಸುಮ್ಮನಾಗಿದ್ದೆವು.

ನಮ್ಮೂರ ಕುದುರೆ ಕಾಲು

ಈಗ ನಮ್ಮ ತಪ್ಪು.

ಕಾಲೇಜಿನ ಕೊನೇ ವರ್ಷದಲ್ಲಿ ನಮ್ಮೂರ ಗುಡಿಯ ಜೀರ್ಣೋದ್ಧಾರ ನಡೆಯಿತು. ಹಳೇ ಗಾರೆ ಕೆರೆದು, ಸಿಮೆಂಟು ಹಾಕಿ, ಎನಾಮಲ್ ಪೇಂಟು ಹೊಡೆಯುವ ಕೆಲಸ. ನಮಗೆ ಕಾಲೇಜಿನ ಪತ್ರಿಕೆಗೆ ಒಂದು ವರದಿ ಬೇಕಿತ್ತು. ಕ್ಯಾಮೆರಾ ಹಿಡಿದು ಹೋದೆವು.

ಮೇಸ್ತ್ರಿ ಒಳಗಿನ ಗೋಡೆ ಕೆರೆಯುತ್ತಿದ್ದರು. ವರ್ಷಾವರ್ಷ ಯುಗಾದಿಗೆ ಹೊಡೆದ ಸುಣ್ಣ, ಬೆರಳು ದಪ್ಪ ಆಗಿತ್ತು, ಹಪ್ಪಳದ ಹಾಗೆ ಏಳುತ್ತಿತ್ತು. ಒಂದು ಕಡೆ ಸುಣ್ಣ ಬಿದ್ದಾಗ ಕೆಳಗೆ ಕೆಂಪು ಗೆರೆ ಕಂಡಿತು. ಇನ್ನೊಂದು ಚಕ್ಕೆ ಎದ್ದಾಗ ಕಪ್ಪು ಗೆರೆ. ನೋಡಿದರೆ ಕುದುರೆಯ ಕಾಲು. ಮೊಣಕಾಲು ಮಡಿಸಿ ಎತ್ತಿದ ಕಾಲು, ಗೊರಸು ಕೂಡ ಸ್ಪಷ್ಟವಾಗಿತ್ತು.

ಜಗುಲಿಯ ಮೇಲೆ ಕೂತಿದ್ದ ಒಬ್ಬ ತಾತ ಎದ್ದು ಬಂದರು. "ಏನ್ರಪ್ಪಾ ಪೇಪರ್‌ನೋರೇ, ನೋಡ್ರಿ ಇಲ್ಲಿ. ನಮ್ಮಪ್ಪ ಹೇಳೋರು, ಒಳಗೆ ದೇವ್ರ ಉತ್ಸವದ ಚಿತ್ರ ಐತೆ ಅಂತ. ನಾನು ಸುಳ್ಳು ಅಂದ್ಕಂಡಿದ್ದೆ," ಅಂದರು.

ಮೇಸ್ತ್ರಿ ನಮ್ಮ ಮುಖ ನೋಡಿದರು. ಒಂದು ಮಾತು ಹೇಳಿದ್ದರೆ ಅವರು ನಿಲ್ಲಿಸುತ್ತಿದ್ದರು, ಅದು ನಮಗೆ ಇವತ್ತಿಗೂ ಗೊತ್ತು. ನಾವು ಏನೂ ಹೇಳಲಿಲ್ಲ. ಜಾತ್ರೆ ಹತ್ತಿರ ಬಂದಿತ್ತು, ಊರಿನ ಹಿರಿಯರೆಲ್ಲ ಅಲ್ಲೇ ಇದ್ದರು, ನಾವು ಹುಡುಗರು. ಅಧ್ಯಕ್ಷರು, "ಅದೇನು ಹಳೇ ಗೆರೆ, ಕೆರೀರಿ ಬೇಗ," ಅಂದರು. ಮೇಸ್ತ್ರಿ ಕೆರೆದರು. ಕುದುರೆ ಪುಡಿಯಾಗಿ ನೆಲಕ್ಕೆ ಬಿತ್ತು. ಕಸಬರಿಕೆಯಲ್ಲಿ ಗುಡಿಸಿ ಮಂಕರಿಗೆ ತುಂಬಿದರು.

ಅವತ್ತು ನಮ್ಮ ಕೈಯಲ್ಲಿ ಕ್ಯಾಮೆರಾ ಇತ್ತು. ಒಂದೇ ಒಂದು ಫೋಟೊ ತೆಗೆಯಲಿಲ್ಲ. "ಹೊಸ ಕಳೆಯಲ್ಲಿ ಗ್ರಾಮದೇವತೆ ಗುಡಿ" ಅಂತ ವರದಿ ಬರೆದೆವು, ಪೇಂಟ್ ಹೊಡೆದ ಗೋಪುರದ ಫೋಟೊ ಹಾಕಿದೆವು. ಮೇಷ್ಟ್ರು ಚೆನ್ನಾಗಿದೆ ಅಂದರು.

ಯಾರನ್ನೂ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅಧ್ಯಕ್ಷರು ಗುಡಿಗಾಗಿ ಕೈಯಿಂದ ದುಡ್ಡು ಹಾಕಿದವರು. ಅವರಿಗೆ ಗುಡಿ ಚೆನ್ನಾಗಿ ಕಾಣಬೇಕಿತ್ತು. ಗೊತ್ತಿಲ್ಲದೆ ಹೇಳಿದರು. ಇಂಥದನ್ನು ಬರೆಯಬೇಕಾದವರು ನಾವು, ನಾವು ಸುಮ್ಮನಿದ್ದೆವು.

ಸುಣ್ಣದ ಬಗ್ಗೆ ಈಗ ನಮಗೆ ತಿಳಿದದ್ದು

ಸುಣ್ಣ ಹೊಡೆದದ್ದರಿಂದ ನಷ್ಟವಾಯಿತು ಅಂದುಕೊಂಡಿದ್ದೆವು. ಹ್ರಾಸ್ತೋವ್ಲ್ಯೆಯಲ್ಲಿ ನೋಡಿದರೆ ಸುಣ್ಣವೇ ಕಾಪಾಡಿತ್ತು. ಸುಣ್ಣ ಉಸಿರಾಡುತ್ತದೆ. ಗೋಡೆಯ ತೇವ ಅದರ ಮೂಲಕ ಹೊರಗೆ ಹೋಗುತ್ತದೆ. ಕೆಳಗಿನ ಚಿತ್ರಕ್ಕೆ ಹೊಗೆ, ಕೈ, ಮಸಿ ತಾಗುವುದಿಲ್ಲ. ತಾಳ್ಮೆಯಿಂದ ಬಿಡಿಸಿದರೆ ಪದರ ಬಿಟ್ಟುಕೊಡುತ್ತದೆ.

ಎನಾಮಲ್ ಪೇಂಟು, ಸಿಮೆಂಟು ಹಾಗಲ್ಲ. ಅವು ಗೋಡೆಯ ಬಾಯಿ ಮುಚ್ಚುತ್ತವೆ. ತೇವ ಒಳಗೇ ನಿಂತು, ಉಪ್ಪು ಉಬ್ಬಿ, ಹಳೇ ಗಾರೆಯೇ ಪುಡಿಯಾಗುತ್ತದೆ. ಪೇಂಟ್ ಹೊಡೆದ ಮೂರನೇ ಮಳೆಗಾಲಕ್ಕೆ ನಮ್ಮ ಗುಡಿಯ ಗೋಡೆ ಬುಡದಲ್ಲಿ ಗುಳ್ಳೆ ಎದ್ದಿತು.

ನಿಮ್ಮೂರ ಗುಡಿ, ಮಠ, ಮಸೀದಿ, ಚರ್ಚು, ಹಳೇ ತೊಟ್ಟಿಮನೆ ಯಾವುದಾದರೂ ರಿಪೇರಿಗೆ ಬಂದಿದ್ದರೆ ನಮ್ಮದು ಸಣ್ಣ ಕೋರಿಕೆ. ಕೆರೆಯುವ ಮುಂಚೆ ನಾಲ್ಕೂ ಗೋಡೆ, ಚಾವಣಿ ಫೋನಲ್ಲಿ ಫೋಟೊ ತೆಗೆದಿಡಿ. ಮೊದಲು ಅಂಗೈ ಅಗಲದ ಜಾಗ ಮಾತ್ರ ನಿಧಾನವಾಗಿ ಬಿಡಿಸಿ ನೋಡಿ. ಬಣ್ಣ, ಗೆರೆ, ಅಕ್ಷರ ಏನೇ ಕಂಡರೂ ಕೆಲಸ ನಿಲ್ಲಿಸಿ, ನೀರು ಹಾಕಿ ಉಜ್ಜಬೇಡಿ, ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಕೊಡಿ. ಊರಿನ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಆ ತಾತನಿಗೆ ಗೊತ್ತಿದ್ದ ಹಾಗೆ ನಿಮ್ಮೂರಲ್ಲೂ ಯಾರಿಗಾದರೂ ಗೊತ್ತಿರುತ್ತದೆ.

ಊರಿಗೆ ಬಂದ ವಾರಕ್ಕೇ ಆ ತಾತನನ್ನು ಹುಡುಕಿಕೊಂಡು ಹೋದೆವು. ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ಅಪ್ಪ ಹೇಳುತ್ತಿದ್ದ ಉತ್ಸವದಲ್ಲಿ ಕುದುರೆಯ ಮೇಲೆ ಯಾರಿದ್ದರು ಅಂತ ಇನ್ನು ಕೇಳಲು ಯಾರೂ ಇಲ್ಲ.

ಗುಡಿಗೆ ಹೋಗಿ ಅರ್ಚಕರ ಹತ್ತಿರ ವಿಷಯ ಹೇಳಿದೆವು. ಅವರು ಸ್ವಲ್ಪ ಯೋಚಿಸಿ, ಪಲ್ಲಕ್ಕಿ ಇಡುವ ಕೋಣೆಯ ಬಾಗಿಲು ತೆಗೆದರು. ಪಲ್ಲಕ್ಕಿಯ ಹಿಂದೆ ಎರಡು ಮೊಳ ಅಗಲ ಹಳೇ ಸುಣ್ಣ ಹಾಗೇ ಇದೆ. ಅಲ್ಲಿಗೆ ಮೇಸ್ತ್ರಿಯ ಕೈ ಹೋಗಿರಲಿಲ್ಲ. ಟಾರ್ಚು ಹಾಕಿ ನೋಡಿದೆವು, ಮುಟ್ಟಲಿಲ್ಲ. ಈ ಸಲ ಫೋಟೊ ತೆಗೆದೆವು. ಅಧ್ಯಕ್ಷರಿಗೂ ತೋರಿಸಿದೆವು. ಹ್ರಾಸ್ತೋವ್ಲ್ಯೆಯ ಸಾಹುಕಾರನ ಚಿತ್ರ ನೋಡಿ ಅವರೂ ನಕ್ಕರು. ಆಮೇಲೆ, "ಆ ಕೋಣೆ ಗೋಡೆಗೆ ಯಾರೂ ಕೈ ಹಾಕಬೇಡಿ ಅಂತ ಹೇಳ್ತೀನಿ ಬಿಡ್ರಪ್ಪ," ಅಂದರು.

ಅರ್ಜಿ ಬರೆದು ಕೊಟ್ಟಿದ್ದೇವೆ. ಆ ಸುಣ್ಣದ ಕೆಳಗೆ ಏನಾದರೂ ಸಿಕ್ಕಿದರೆ ಇಲ್ಲೇ ಬರೆಯುತ್ತೇವೆ. ಬರೀ ಗೋಡೆ ಸಿಕ್ಕಿದರೂ ಬರೆಯುತ್ತೇವೆ.